ಮೇಲಿನ ಮನೆಯ ಸೌಂಡು

ಕೊಟ್ರಬಸಪ್ಪಾ, ಆ ಸ್ಪೀಕರ್ ಮಾರುವುದಿಲ್ಲ. ಮೊನ್ನೆ ಅಂಗಡಿಗೆ ಬಂದಾಗ ಮೇಲಿನ ಹಲಗೆ ನೋಡಿ "ಅಂಜಿನೇಯಲೂ, ಯಾರೂ ಒಯ್ಯದ ಮಾಲು ಧೂಳು ತಿನ್ನಾಕ ಹತ್ತೈತಿ, ನನ್ನ ಅಳಿಯಗ ಕೊಡೋ" ಅಂದೆ. ಗಿರಾಕಿ ಇದ್ದರು, ಇಲ್ಲ ಅಂದು ಸುಮ್ಮನಾದೆ. ನಿನ್ನೆ ಕೊಟ್ಟೂರಿನಿಂದ ಫೋನ್ ಮಾಡಿ ಮತ್ತೆ ಅದನ್ನೇ ಕೇಳಿದೆ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ, ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಹೀಗೆ ಮೊಬೈಲ್ ಒತ್ತಿ ಹಿಡಿದು ದನಿ ತುಂಬಿ ಕಳಿಸುತ್ತಿದ್ದೇನೆ. ಇದರಲ್ಲಾದರೆ ನೀನು ತೆಪ್ಪಗೆ ಕೇಳಲೇಬೇಕು.

ಆ ಪೆಟ್ಟಿಗೆಗಳು ಚಂದನಾ ಅನ್ನೋ ಹುಡುಗಿಯವು. ಇಲ್ಲಿ ಕೂಡ್ಲಿಗಿಯಲ್ಲಿ ಆಸ್ಪತ್ರೆಯ ನರ್ಸು. ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ, ಸೌಂಡ್ ಜಾಸ್ತಿ ಇಡುತ್ತಿದ್ದಳು, ಕೆಳಗೆ ಮುದುಕನಿಗೆ ತ್ರಾಸಾಗುತ್ತಿತ್ತು, ಅದಕ್ಕೆ ಮನೆ ಬಿಡಿಸಿದರು ಅನ್ನುತ್ತಾರೆ. ಸುಳ್ಳು. ಆ ಸೌಂಡ್ ಕೂಡಿಸಿಕೊಟ್ಟವನು ನಾನು. ಜೀವನಪೂರ್ತಿ ಮೈಕ್ ಸೆಟ್ ಕಟ್ಟಿದವನಿಗೆ ಯಾವುದು ಜಾಸ್ತಿ ಯಾವುದು ಕಡಿಮೆ ಅಂತ ಓಣಿಯವರು ಹೇಳಿಕೊಡಬೇಕಾಗಿಲ್ಲ.

ಕಟ್ಟಡ ನಿನಗೆ ಗೊತ್ತಲ್ಲ. ರಸ್ತೆಗೆ ನನ್ನ ಅಂಗಡಿ. ನನ್ನ ಹಿಂದಿನ ಗೋಡೆಯ ಆಚೆ ಮನೆಯ ಮಾಲೀಕರು, ಗುರುಸಂಗಪ್ಪ ಮತ್ತು ಅನ್ನದಾನಮ್ಮ. ಗುರುಸಂಗಪ್ಪ ಮೊದಲು ಶೇಂಗಾ ವ್ಯಾಪಾರ ಮಾಡುತ್ತಿದ್ದವನು, ಕೂಗಿದರೆ ಬಸ್ ಸ್ಟ್ಯಾಂಡಿಗೆ ಕೇಳುವ ಗಂಟಲು. ಲಕ್ವ ಹೊಡೆದು ಬಲಗಡೆ ಹೋಯಿತು, ಮಾತೂ ಹೋಯಿತು. ಈಗ ಮಂಚದ ಮೇಲೆ. ಎಡಗೈಗೆ ಒಂದು ಬಡಿಗೆ. ನೀರು ಬೇಕಾದರೂ ಅದೇ, ಸಿಟ್ಟು ಬಂದರೂ ಅದೇ, ನೆಲಕ್ಕೆ ಟಕ್ ಟಕ್. ಸಕ್ಕರೆ ಕಾಯಿಲೆ ಬೇರೆ, ದಿನಾ ಸೂಜಿ ಮದ್ದು ಬೇಕು.

ಇವರ ಮೇಲಿನ ಮನೆ ಚಿಕ್ಕದು. ಎರಡು ಕೋಣೆ, ನಡುವೆ ಒಂದು ಹಾಲ್, ಒಂದು ಅಡಿಗೆಮನೆ. ಅದರಲ್ಲಿ ಇಬ್ಬರು ಹುಡುಗಿಯರು ಬಾಡಿಗೆ ಹಂಚಿಕೊಂಡು ಇದ್ದರು. ಮೊದಲು ಬಂದವಳು ವಾಣಿಶ್ರೀ, ಕಾಲೇಜಿನಲ್ಲಿ ಪಾಠ ಮಾಡುವವಳು, ಹರಪನಹಳ್ಳಿ ಕಡೆಯವಳು, ಅನ್ನದಾನಮ್ಮನ ಜನವೇ. ಆಮೇಲೆ ಅವಳು ಚಂದನಾಳನ್ನು ಕರೆದುಕೊಂಡು ಬಂದಳು. ಹೊಸಪೇಟೆಯಲ್ಲಿ ಓದುವಾಗ ಇಬ್ಬರೂ ಒಂದೇ ಹಾಸ್ಟೆಲಿನವರಂತೆ.

ಚಂದನಾ ಬಂದ ಮೇಲೆ ಅನ್ನದಾನಮ್ಮನಿಗೆ ಹಬ್ಬ. ಮನೆಯಲ್ಲೇ ನರ್ಸು ಸಿಕ್ಕಂತಾಯಿತು. ಡ್ಯೂಟಿಗೆ ಹೋಗುವ ಮೊದಲು ಇಳಿದು ಬಂದು ಮುದುಕನಿಗೆ ಸೂಜಿ ಹಾಕುತ್ತಿದ್ದಳು, ಉಗುರು ತೆಗೆಯುತ್ತಿದ್ದಳು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ತಿರುಗಿಸುತ್ತಿದ್ದಳು. ಅನ್ನದಾನಮ್ಮ ಅವಳನ್ನು ಅಡಿಗೆಮನೆಯೊಳಗೆ ಕೂಡಿಸಿಕೊಂಡು ಚಾ ಕೊಡುತ್ತಿದ್ದಳು. "ನನ್ನ ಹೊಟ್ಯಾಗ ಹುಟ್ಟಬೇಕಾದ ಕೂಸು ಯಾರ ಹೊಟ್ಯಾಗೋ ಹುಟ್ಟೈತಿ" ಅಂತ ನನ್ನ ಅಂಗಡಿ ಮುಂದೆ ನಿಂತು ಹೇಳಿದ್ದು ನನ್ನ ಕಿವಿಯಲ್ಲೇ ಇದೆ. ನೆನಪಿಟ್ಟುಕೋ ಈ ಮಾತು.

ಒಂದು ಸಂಜೆ ಹುಡುಗಿ ಅಂಗಡಿಗೆ ಬಂದಳು. ಆನ್‌ಲೈನಿನಲ್ಲಿ ಎರಡು ಸ್ಪೀಕರು, ಒಂದು ಆಂಪ್ಲಿಫೈಯರ್ ತರಿಸಿದ್ದಾಳೆ. ಕೂಡಿಸಲು ಹೋದರೆ ಹಾಡು ಬಾವಿಯೊಳಗಿಂದ ಬಂದ ಹಾಗೆ ಬರುತ್ತದಂತೆ.

"ತಾತ, ಮೋಸ ಮಾಡ್ಯಾರೇನು ನೋಡ್ರಿ. ಹಾಡೋಕಿ ದನಿ ಐತಿ, ಆಕಿನ ಇಲ್ಲ."

"ಪ್ಲಸ್ಸು ಮೈನಸ್ಸು ಅದಲು ಬದಲಾಗೈತವ್ವ. ಒಂದು ದೂಕಿದ್ರ ಇನ್ನೊಂದು ಜಗ್ಗತೈತಿ. ಗಂಡ ಹೆಂಡ್ತಿ ಜಗಳ."

"ನೀವ ಬಂದು ಬಿಡಿಸ್ರಿ ಮತ್ತ."

ಹೋದೆ. ಹಾಲ್ ಅಂದರೆ ಹೆಸರಿಗೆ ಹಾಲ್. ನಾಲ್ಕು ಜನ ಕೂತರೆ ಐದನೆಯವನು ಬಾಗಿಲಲ್ಲಿ ನಿಲ್ಲಬೇಕು. ಖಾಲಿ ಗೋಡೆ, ನುಣುಪು ಟೈಲ್ಸು, ಚಪ್ಪಾಳೆ ತಟ್ಟಿದರೆ ಮರಳಿ ಬಂದು ಕೆನ್ನೆಗೆ ಬಡಿಯುತ್ತದೆ. ಸ್ಪೀಕರುಗಳನ್ನು ಮೂಲೆಗೆ ತುರುಕಿದ್ದರು. ಮೂಲೆಗೆ ಇಟ್ಟರೆ ಬೇಸು, ಅಂದರೆ ದಪ್ಪ ದನಿ, ಹಂಡೆಯಲ್ಲಿ ಗುಮ್ಮಿದ ಹಾಗಾಗುತ್ತದೆ. ಎಳೆದು ಮುಂದಕ್ಕೆ ತಂದೆ, ಕೂತವರ ಕಿವಿಯ ಎತ್ತರಕ್ಕೆ ಗೋಡೆಯಲ್ಲಿ ಎರಡು ಕಬ್ಬಿಣದ ಬ್ರಾಕೆಟ್ ಹೊಡೆದೆ. ಪೆಟ್ಟಿಗೆಯ ಬುಡಕ್ಕೆ ಹಳೇ ಲಾರಿ ಟ್ಯೂಬು ಕತ್ತರಿಸಿ ರಬ್ಬರ್ ಕಾಲು ಮಾಡಿ ಅಂಟಿಸಿದೆ, ಅದುರು ಗೋಡೆಗೆ ಹೋಗಬಾರದು ಅಂತ. ಇನ್ನು ಎದುರು ಗೋಡೆಯ ಮಾರ್ದನಿ ಉಳಿಯಿತು.

"ದಪ್ಪನೆ ಬಟ್ಟಿ ಏನಾದ್ರೂ ಐತೇನವ್ವ ತೂಗುಹಾಕಾಕ?"

ಚಂದನಾ ಒಳಗಿನಿಂದ ಒಂದು ಕೌದಿ ತಂದಳು. ಹಳೇ ಸೀರೆಗಳನ್ನು ಕೂಡಿಸಿ ಅವಳ ಅವ್ವ ಪಕ್ಕೀರಮ್ಮ ಹೊಲಿದದ್ದು. ಎಂಥಾ ಕೈಯಪ್ಪಾ ಅದು! ಇರುವೆ ಸಾಲಿನ ಹಾಗೆ ಹೊಲಿಗೆ. ಗೋಡೆಗೆ ಹಾಕಿದೆ. ಚಪ್ಪಾಳೆ ತಟ್ಟಿದೆ. ದನಿ ಕೌದಿಯೊಳಗೆ ಹೋಗಿ ಮಲಗಿತು.

ಆಮೇಲೆ ಬೇಸಿನ ಹಾಡೊಂದು ಹಚ್ಚಿ, ಅವಳ ಅಂಗೈಯನ್ನು ಗೋಡೆಗೆ ಇಡಿಸಿದೆ. "ಕಿವಿಗೆ ಬರದಿದ್ರೂ ಇಲ್ಲಿ ಬರ್ತೈತಿ ನೋಡು. ಇಲ್ಲಿ ಜಾಸ್ತಿ ಬಂತು ಅಂದ್ರ ಕೆಳಗಿನೋರಿಗೆ ಕಾಟ. ಇಷ್ಟಕ್ಕ ನಿಲ್ಲಿಸ್ಬೇಕು." ಆಂಪ್ಲಿಫೈಯರಿನ ಗುಂಡಿಯ ಮೇಲೆ ಒಂದು ಸಣ್ಣ ಬಿಳಿ ಗುರುತು ಮಾಡಿದೆ. ಆ ಗುರುತು ದಾಟಿ ಅವಳು ಯಾವತ್ತೂ ತಿರುಗಿಸಲಿಲ್ಲ. ಇದನ್ನೂ ನೆನಪಿಟ್ಟುಕೋ.

ವೈರು ಬಿಗಿಯುತ್ತಾ ಸುಮ್ಮನೆ ಕೇಳಿದೆ, "ಮೊಬೈಲಾಗ ಕೇಳಿದ್ರ ಸಾಲಲ್ಲೇನವ್ವ, ಇಷ್ಟೆಲ್ಲಾ ಯಾಕ?"

"ನಮ್ಮ ಮನ್ಯಾಗ ಹಾಡು ಅಂದ್ರ ಊರಾಗಿಂದ ಬಂದಿದ್ದು ಅಷ್ಟ ತಾತ. ನಂದು ಹೊಳಲು ಕಡಿ ಹಳ್ಳಿ. ಜಾತ್ರಿ, ಮದಿವಿ, ನಿಮ್ಮ ಸೆಟ್ ಬರ್ತಿತ್ತು. ಅಂಜಿನೇಯಲು ಸೌಂಡ್ಸ್ ಅಂತ ಪೆಟ್ಟಿಗಿ ಮ್ಯಾಲೆ ಕೆಂಪಗ ಬರ್ದಿರ್ತಿತ್ತು. ಹಾರ್ನು ನಮ್ಮ ಕಡಿಗಿ ತಿರುಗಿಸ್ತಿರ್ಲಿಲ್ಲ. ಆದ್ರೂ ಕೇಳ್ತಿತ್ತು."

ಹೇಳಿಬಿಟ್ಟು ಬಾಯಿ ಮುಚ್ಚಿಕೊಂಡಳು. ಹಳ್ಳಿಯಲ್ಲಿ ಹಾರ್ನು ಯಾವ ಕಡೆ ತಿರುಗುವುದಿಲ್ಲ ಅಂತ ನನಗೂ ನಿನಗೂ ಬಿಡಿಸಿ ಹೇಳಬೇಕೇ? ಕೇರಿಯ ಕಡೆ. ನಾನು ಸ್ಕ್ರೂ ಬಿಗಿಯುತ್ತಲೇ ಇದ್ದೆ.

"ತಾತ, ಯಾರಿಗೂ ಹೇಳಬ್ಯಾಡ್ರಿ. ಈ ಊರಾಗ ಮನಿ ಹುಡುಕಿ ಹುಡುಕಿ ಸಾಕಾಗೈತಿ. ಎಲ್ಲಾರೂ ಮೊದಲು ಊರು ಕೇಳ್ತಾರ, ಆಮ್ಯಾಲೆ ಅಪ್ಪನ ಹೆಸರು, ಆಮ್ಯಾಲೆ ನೀವು ಯಾವ ಪೈಕಿ ಅಂತ. ಇಲ್ಲಿ ವಾಣಿ ನಮ್ಮೋರೇ ಅಂತ ಹೇಳಿ ಕೊಡಿಸ್ಯಾಳ. ಇದು ಹೋದ್ರ ನಂಗ ಮತ್ತ ಎಲ್ಲೂ ಸಿಗಂಗಿಲ್ಲ."

"ವಾಣಿಗೆ ಗೊತ್ತೈತಿ ಹಂಗಾದ್ರ?"

"ಗೊತ್ತಿಲ್ಲದ ಏನು? ರಜಾಕ್ಕ ನಮ್ಮ ಮನಿಗೆ ಬರ್ತಿದ್ಲು. ನಮ್ಮವ್ವ ರೊಟ್ಟಿ ಬಡದಂಗ ಬಡದಂಗ ಒಲಿ ಮುಂದ ಕುಂತು ಉಂಡಾಳ."

"ನಂಗ ಒಂದು ಕಿವಿ ಕೇಳಂಗಿಲ್ಲ. ನೀ ಆ ಕಡಿ ನಿಂತು ಹೇಳೀದಿ, ನಂಗೇನೂ ಕೇಳಿಲ್ಲ" ಅಂದೆ. ಹುಡುಗಿ ನಕ್ಕಳು. ಸ್ಪೀಕರಿನ ಪಕ್ಕದ ಕಪಾಟಿನಲ್ಲಿ ಒಂದು ಸಣ್ಣ ಬುದ್ಧನ ಗೊಂಬೆ ಇಟ್ಟಿದ್ದಳು. ಅನ್ನದಾನಮ್ಮ ಅದನ್ನು ಎಷ್ಟೋ ಸಲ ನೋಡಿ "ಶೋಕೇಸಿಗೆ ಚಂದ ಐತಿ" ಅಂದಿದ್ದಳಂತೆ.

ತಡಿ, ಬೆರಳು ಜಾರಿತು, ಹಿಂದಿನದು ಅಲ್ಲಿಗೇ ಹೋಯಿತು. ಎರಡನೆಯದರಲ್ಲಿ ಕೇಳು.

ಹೊಸ ಸೆಟ್ ಅಂದಮೇಲೆ ಪೂಜೆ ಮಾಡದೆ ಬಿಡುತ್ತೇವೆಯೇ? ಸೈಕಲ್ಲಿಗೂ ಕಾಯಿ ಒಡೆಯುವ ಜನ ನಾವು. ಅನ್ನದಾನಮ್ಮನೇ ಮುಂದೆ ನಿಂತಳು. ಶ್ರಾವಣ ಸೋಮವಾರ, ಸಂಜೆ ದೀಪ ಹಚ್ಚುವ ಹೊತ್ತು. ವಿಭೂತಿ, ಕುಂಕುಮ, ಕಾಯಿ, ಊದಿನಕಡ್ಡಿ ಎಲ್ಲಾ ಹಿಡಿದುಕೊಂಡು ಮೇಲೆ ಬಂದಳು. ನನ್ನನ್ನೂ ಕರೆದರು. ವಾಣಿಶ್ರೀ ರೇಷ್ಮೆ ದುಪಟ್ಟ ಹಾಕಿಕೊಂಡಿದ್ದಳು.

ಅನ್ನದಾನಮ್ಮ ವಿಭೂತಿ ಹಿಡಿದು ಸ್ಪೀಕರಿನ ಮುಂದೆ ನಿಂತಳು. "ಇದೇನ್ರಿ ಅಂಜಿನೇಯಲು, ಇದಕ್ಕ ಕಣ್ಣಿಲ್ಲ ಮೂಗಿಲ್ಲ. ಎಲ್ಲಿಗೆ ಹಚ್ಚಾದು?"

"ಅದು ಬರೀ ಬಾಯಿ ಅಮ್ಮಾ, ಹಣಿ ಇಲ್ಲ. ಪೆಟ್ಟಿಗಿಗೆ ಹಚ್ರಿ. ಬಾಯಿಗೆ ಹಚ್ಚಿದ್ರ ಹರೀತೈತಿ."

"ಬರೀ ಬಾಯಿ ಅಂದ್ರ ನಿಮ್ಮಂಗ ಅನ್ರಿ!"

ಎಲ್ಲಾ ನಕ್ಕರು. ಪೆಟ್ಟಿಗೆಗೆ ಮೂರು ಬೆರಳು ವಿಭೂತಿ ಎಳೆದಳು, ಕಾಯಿ ಒಡೆದಳು. ಕೌದಿಯನ್ನು ಮುಟ್ಟಿ ಮುಟ್ಟಿ ನೋಡಿ, "ನಿಮ್ಮವ್ವನ ಕೈ ಬಂಗಾರ ಬಿಡು. ನಮ್ಮ ಮನೆಯವ್ರಿಗೂ ಒಂದು ಹೊಲಿಸಿಕೊಡು. ಎಷ್ಟು ಸಲ ಹೇಳೀನಿ, ಒಮ್ಮಿ ಕರ್ಕಂಡು ಬಾ ನಿಮ್ಮವ್ವನ್ನ" ಅಂದಳು. ಚಂದನಾ "ಹೂನ್ರಿ ಅಮ್ಮಾ" ಅಂದಳು. ಯಾವಾಗಲೂ ಹಾಗೇ ಅನ್ನುತ್ತಿದ್ದಳು.

ಚಂದನಾ ತನ್ನ ಮೊಬೈಲನ್ನು ಬ್ಲೂಟೂತಿನಲ್ಲಿ ಸೆಟ್ಟಿಗೆ ಕೂಡಿಸಿ ಗಣಪತಿ ಹಾಡು ಹಚ್ಚಿದಳು. ಆಮೇಲೆ ಕೊಟ್ಟೂರು ಬಸವೇಶ್ವರನ ಹಾಡು. ಕೊಟ್ರಬಸಪ್ಪಾ, ನನ್ನ ಕೆಲಸ ನಾನೇ ಹೊಗಳಿಕೊಳ್ಳುವುದಲ್ಲ, ಆದರೆ ಹಾಡುವವನು ಕೌದಿಯ ಮುಂದೆ ಬಂದು ಕೂತಂತಿತ್ತು. ಗುಂಡಿ ಬಿಳಿ ಗುರುತಿನ ಮೇಲೇ ಇತ್ತು. ಅಷ್ಟರಲ್ಲಿ ಕೆಳಗಿನಿಂದ ಟಕ್, ಟಕ್, ಟಕ್.

ನಾನು ಗಾಬರಿಯಾದೆ. ಅನ್ನದಾನಮ್ಮ ಬಾಯಿತುಂಬಾ ನಕ್ಕಳು. "ಏನಿಲ್ರಿ, ನಮ್ಮನೆಯವ್ರು ತಾಳ ಹಾಕಾಕ ಹತ್ಯಾರ! ಬೇಡಾದ್ರ ಜೋರಾಗಿ ಬಡೀತಾರ, ಖುಷಿಯಾದ್ರ ಹಿಂಗ. ನೋಡ್ರಿ, ಬಿದ್ದಾಗಿಂದ ಇದ ಮೊದಲು." ಕಣ್ಣಲ್ಲಿ ನೀರು ತಂದುಕೊಂಡು ಚಂದನಾಳ ಕೆನ್ನೆ ಹಿಡಿದು ನೆಟಿಕೆ ಮುರಿದಳು.

ಚಂದನಾ ಕಾಯಿ ಚೂರು ಮಾಡಲು ಅಡಿಗೆಮನೆಗೆ ಹೋದಳು. ಮೊಬೈಲು ಮೇಜಿನ ಮೇಲೆ ಉಳಿಯಿತು. ಹಾಡು ತಟ್ಟನೆ ನಿಂತು, ಸ್ಪೀಕರಿನಲ್ಲಿ ಫೋನಿನ ಗಂಟೆ ಬಡಿಯತೊಡಗಿತು. ಅನ್ನದಾನಮ್ಮ ಬಗ್ಗಿ ನೋಡಿದಳು. 'ಅವ್ವ' ಅಂತ ಬರೆದಿತ್ತು.

"ಯವ್ವಾ, ನಿಮ್ಮವ್ವಂದ! ಆಯಸ್ಸು ಗಟ್ಟಿ ಐತಿ. ನೀ ಕಾಯಿ ಹೆಚ್ಚು, ನಾ ಮಾತಾಡ್ತೀನಿ. ಬೈತೀನಿ ಇವತ್ತು, ಯಾಕ ಬರಂಗಿಲ್ಲ ಅಂತ."

ಬೆರಳಲ್ಲಿ ಜಾರಿಸಿ ಕಿವಿಗೆ ಇಟ್ಟುಕೊಂಡಳು. ನಾನು "ಅಮ್ಮಾ, ಅದು ಕಿವಿಗೆ ಬರಂಗಿಲ್ಲ" ಅಂದೆ. ಅನ್ನುವಷ್ಟರಲ್ಲಿ ಬಂದಾಗಿತ್ತು. ಮೊಬೈಲಿಗಲ್ಲ, ಎರಡೂ ಪೆಟ್ಟಿಗೆಗೆ. ಹಾಡುವವನು ಕೂತ ಜಾಗದಲ್ಲೇ ಪಕ್ಕೀರಮ್ಮ ಬಂದು ನಿಂತಂತೆ.

"ಚಂದನಾ, ಕೇಳ್ ತಂಗಿ. ಊರಾಗ ದೊಡ್ಡಮನಿ ಗೌಡ್ರು ತೀರ್ಕ್ಯಂಡಾರ. ನಿಮ್ಮಪ್ಪನ್ನ ಹಲಗಿ ಬಡಿಯಾಕ ಬಾ ಅಂತ ಆಳು ಕಳ್ಸ್ಯಾರ. ನಿಮ್ಮಪ್ಪ ನಾ ಬಿಟ್ಟೀನಿ, ಬರಂಗಿಲ್ಲ ಅಂದಾನ. ಅದಕ್ಕ, ಮಗಳು ನರ್ಸಾದ್ಲು ಅಂತ ಕೇರಿಯೋರಿಗೆ ಸೊಕ್ಕು ಬಂದೈತಿ ಅಂತ ಬಾಗಲ ಮುಂದ ನಿಂತು ಬೈಯಾಕ ಹತ್ಯಾರ. ನೀನ ಹೇಳವ್ವ ನಿಮ್ಮಪ್ಪಗ, ಇದೊಂದು ಸಲ ಹೋಗಿ ಬಾ ಅಂತ..."

ಅನ್ನದಾನಮ್ಮ ಮೊಬೈಲನ್ನು ಕಿವಿಯಿಂದ ತೆಗೆದು ನೋಡಿದಳು, ಮತ್ತೆ ಕಿವಿಗೆ ಇಟ್ಟಳು, ಮತ್ತೆ ಗೋಡೆ ನೋಡಿದಳು. ದನಿ ಗೋಡೆಯಿಂದಲೇ ಬರುತ್ತಿತ್ತು. "ಹಲೋ" ಅಂದಳು.

"ಯಾಕವ್ವ ದನಿ ಹಂಗೈತಿ? ಆ ಮನಿಯೋರು ಹತ್ರ ಅದಾರೇನು? ಹುಷಾರು ಮತ್ತ. ನಾವು ಯಾರಂತ ಅವ್ರಿಗೆ ಗೊತ್ತಾಗಂಗ ಮಾಡ್ಕಬ್ಯಾಡ. ಒಳ್ಳೇ ಜನ ಅಂದೀದಿ..."

ಚಂದನಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕಾಯಿ ಚೂರಿನ ತಟ್ಟೆ. ಎಷ್ಟು ಕೇಳಿಸಿಕೊಂಡಳೋ. ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು, ಅನ್ನದಾನಮ್ಮನ ಕೈಯಿಂದ ಮೊಬೈಲು ತೆಗೆದುಕೊಂಡಳು. "ಅವ್ವಾ, ಆಮ್ಯಾಲೆ ಮಾಡ್ತೀನಿ" ಅಂದು ಕಟ್ ಮಾಡಿದಳು.

ಈಗಿನ ಸೆಟ್ಟುಗಳ ಗುಣ ನಿನಗೆ ಗೊತ್ತಿಲ್ಲ. ಫೋನ್ ಮುಗಿದ ತಕ್ಷಣ ನಿಂತಿದ್ದ ಹಾಡು ತಾನೇ ಶುರುವಾಗುತ್ತದೆ. ಶುರುವಾಯಿತು. ಬಸವೇಶ್ವರನ ಹಾಡೇ. ಕೆಳಗೆ ಮುದುಕನೂ ಶುರು ಮಾಡಿದ, ಟಕ್, ಟಕ್, ಟಕ್.

ಅನ್ನದಾನಮ್ಮ ಚಂದನಾಳ ಕಡೆ ತಿರುಗಲಿಲ್ಲ. ವಾಣಿಶ್ರೀ ಕಡೆ ತಿರುಗಿದಳು. "ನಮ್ಮೋರೇ ಅಂದಿದ್ದೆಲ್ಲವ್ವಾ ನೀನು?"

ಆ ಹುಡುಗಿ ದುಪಟ್ಟದ ತುದಿ ಬೆರಳಿಗೆ ಸುತ್ತಿ ಸುತ್ತಿ, "ನಂಗೂ ಗೊತ್ತಿರ್ಲಿಲ್ಲ ಆಂಟಿ. ಇವ್ಳು ಹಂಗೇ ಹೇಳಿದ್ಲು, ನಾನು ನಂಬ್ದೆ" ಅಂದಳು.

ಒಲೆಯ ಮುಂದೆ ಕೂತು ರೊಟ್ಟಿ ತಿಂದವಳು ಕೊಟ್ರಬಸಪ್ಪಾ! ನಾನು ಬಾಯಿ ತೆಗೆದೆ. ಚಂದನಾ ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು, ಬೇಡ ಅಂತ. ಆಮೇಲೆ ನಾನು ಕಲಿಸಿಕೊಟ್ಟ ಹಾಗೇ ಮೊದಲು ಗುಂಡಿ ತಿರುಗಿಸಿ ಸೌಂಡು ಇಳಿಸಿದಳು, ಆಮೇಲೆ ಸ್ವಿಚ್ಚು ಆರಿಸಿದಳು. ಹಾಗೆ ಮಾಡದಿದ್ದರೆ ಸ್ಪೀಕರು ಡಬ್ ಅನ್ನುತ್ತದೆ. ಅಂಥಾ ಹೊತ್ತಿನಲ್ಲೂ ಅನ್ನಿಸಲಿಲ್ಲ ನೋಡು. ಅನ್ನದಾನಮ್ಮ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಇಳಿದು ಹೋದಳು. ಕೆನ್ನೆ ಹಿಡಿದಿದ್ದ ಕೈ. ಕಾಯಿ ಚೂರು ತಟ್ಟೆಯಲ್ಲೇ ಉಳಿಯಿತು.

ನಾನು ಇಳಿದು ಅಂಗಡಿಯ ಷಟರ್ ಎಳೆಯುತ್ತಿದ್ದಾಗ ಹುಡುಗಿ ಮೆಟ್ಟಿಲ ಮೇಲೆ ಕೂತು ಅವ್ವನ ಜೊತೆ ಮಾತಾಡುತ್ತಿದ್ದಳು. ಬ್ಲೂಟೂತು ಬಿಚ್ಚಿ, ಮೊಬೈಲನ್ನು ಕಿವಿಗೆ ಒತ್ತಿಕೊಂಡು.

"ಇಲ್ಲವ್ವ, ಏನೂ ಆಗಿಲ್ಲ... ಅಪ್ಪಗ ಕೊಡು... ಅಪ್ಪಾ, ಹೋಗಬ್ಯಾಡ. ಯಾರು ಏನಾರ ಅನ್ಲಿ. ನಾ ಇಲ್ಲಿ ಆರಾಮ ಅದೀನಿ. ನನ್ನ ಸಲುವಾಗಿ ಹೆದರಿ ಹೋದೆ ಅಂದ್ರ ನಾ ಊರಿಗೆ ಬರಂಗಿಲ್ಲ ನೋಡು."

ಅವಳಪ್ಪ ರಾಮಣ್ಣ ಹೋಗಲಿಲ್ಲವಂತೆ. ಹಲಗೆಯ ಬಡಿತ ಇಲ್ಲದೆಯೇ ಗೌಡರ ಹೆಣ ಹೋಯಿತಂತೆ. ಆಮೇಲೆ ಊರ ಹೋಟೆಲಿನಲ್ಲಿ ಅವನಿಗೆ ಚಾ ಕೊಡುವುದು ನಿಲ್ಲಿಸಿದರಂತೆ. ಅದು ಬೇರೆ ಕತೆ.

ಮಾರನೆಯ ಬೆಳಿಗ್ಗೆ ಅನ್ನದಾನಮ್ಮ ಅಂಗಡಿಗೆ ಬಂದಳು. ಕಣ್ಣು ಊದಿಕೊಂಡಿದ್ದವು. ಅತ್ತಿದ್ದಳು, ಸುಳ್ಳು ಹೇಳುವುದಿಲ್ಲ.

"ಅಂಜಿನೇಯಲು, ನೀವ ಒಂದು ಮಾತು ಹೇಳ್ರಿ ಆ ಹುಡುಗಿಗೆ. ಸೌಂಡು ಭಾಳ ಆಗಾಕ ಹತ್ತೈತಿ, ನಮ್ಮನೆಯವ್ರಿಗೆ ನಿದ್ದಿ ಇಲ್ಲ, ಬಡಿಗಿಲೆ ಬಡೀತಾರ. ಗ್ವಾಡಿಗೆ ತೂತು ಬ್ಯಾರೆ ಹೊಡ್ದಾರ. ಬ್ಯಾರೆ ಕಡಿ ನೋಡ್ಕ ಅಂತ ಹೇಳ್ರಿ."

"ನಿನ್ನಿ ತಾಳ ಹಾಕಾಕ ಹತ್ಯಾರ ಅಂದ್ರಿ."

"ನಿನ್ನಿ ಅಂದೆ."

"ತೂತು ಹೊಡದಾಂವ ನಾನು. ನನ್ನೂ ಅಂಗಡಿ ಬಿಡಿಸ್ರಿ ಹಂಗಾದ್ರ. ಇದ್ದದ್ದು ಇದ್ದಂಗ ಹೇಳ್ರಿ ಅಮ್ಮಾ, ಸೌಂಡಿನ ಮ್ಯಾಲೆ ಯಾಕ ಹಾಕ್ತೀರಿ?"

"ಹಂಗ ಬಾಯಿ ಬಿಟ್ಟು ಹೇಳಾಕ ಬರ್ತೈತೇನ್ರಿ ಈಗಿನ ಕಾಲದಾಗ? ಕೇಸ್ ಹಾಕ್ತಾರ. ನಂಗೇನು ಆಕಿ ಮ್ಯಾಲೆ ಸಿಟ್ಟಿಲ್ಲ. ಭಾಳ ಒಳ್ಳೇಕಿ. ನಮ್ಮ ಮಂದಿ ಬರ್ತಾರ ಹೋಗ್ತಾರ, ಪೂಜಿಗೆ ಅಯ್ಯನೋರು ಬರ್ತಾರ. ಅಡಿಗಿಮನಿ ತನಕ ಬಿಟ್ಕಂಡೀನಿ ನಾನು, ನನ್ನ ಬಾಯಿಗೆ ಮಣ್ಣು ಹಾಕ."

"ಚಾ ಕುಡದ್ಲು. ಮನಿ ಬಿತ್ತೇನು? ನಿಮ್ಮ ಗಂಡ ಸತ್ರೇನು?"

"ನಿಮ್ಮ ನಾಲಿಗಿಗೆ ಎಲುಬಿಲ್ಲ" ಅಂದಳು. ಹೌದು, ಇಲ್ಲ. ನಾನು ಹೇಳುವುದಿಲ್ಲ ಅಂದೆ. ಆಮೇಲೆ ವಾಣಿಶ್ರೀ ಕೈಲಿ ಹೇಳಿಸಿದಳು. ಶ್ರಾವಣ ಮುಗಿಯುವುದರೊಳಗೆ ಖಾಲಿ ಮಾಡಬೇಕು, ಸೌಂಡಿನ ಸಲುವಾಗಿ.

ಆದರೆ ಸೂಜಿ ನಿಂತರೆ ಹೇಗೆ? ಇನ್ನೊಬ್ಬರು ಸಿಗುವವರೆಗೆ ಸೂಜಿ ಹಾಕಲು ಬಾ, ಹಿತ್ತಲ ಬಾಗಿಲಿಂದ ಬಾ ಅಂತಲೂ ಹೇಳಿಸಿದಳು. ಹುಡುಗಿ ಹೋದಳು ಕೊಟ್ರಬಸಪ್ಪಾ. ನಾನಾಗಿದ್ದರೆ ಹೋಗುತ್ತಿರಲಿಲ್ಲ. ಗೋಡೆಯ ಈ ಕಡೆ ನಾನು ಕೂತಿದ್ದೆ, ಎಲ್ಲಾ ಕೇಳುತ್ತಿತ್ತು. ಹಿತ್ತಲ ಚಿಲಕ ತೆಗೆದದ್ದು, ಅವಳು "ಅಪ್ಪಾರ, ಈ ಕಡಿ ಮಗ್ಗಲಾಗ್ರಿ" ಅಂದದ್ದು, ಮುದುಕ ಬಡಿಗೆ ಮೆಲ್ಲಗೆ ಟಕ್ ಟಕ್ ಅನ್ನಿಸಿದ್ದು. ಅವನಿಗೆ ಯಾರು ಏನು ಹೇಳಿದ್ದರು? ಅವನಿಗೆ ಹಾಡು ಬೇಕಾಗಿತ್ತು.

ಆಮೇಲೆ ಅನ್ನದಾನಮ್ಮನ ದನಿ. "ಚಾ ಕುಡಿ." ಆಮೇಲೆ ಚಂದನಾ ಅಂದಳು, "ಪೇಪರ್ ಲೋಟ ನೀವು ಯಾವಾಗ ತಂದ್ರಿ ಅಮ್ಮಾ?"

ಅನ್ನದಾನಮ್ಮ ಪಾತ್ರೆ ಸರಿಸಿದ ಸಪ್ಪಳ ಬಂತು.

"ನಾಳಿಂದ ಅಪ್ಪಾರ್ನ ಆಸ್ಪತ್ರಿಗೆ ಕರ್ಕಂಡು ಬರ್ರಿ. ನಾನ ಹಾಕ್ತೀನಿ. ಅಲ್ಲಿ ಎಲ್ಲಾರಿಗೂ ಒಂದ ಬಾಗ್ಲ ಐತಿ."

ಏಳಲಾರದ ಮನುಷ್ಯನನ್ನು ದಿನಾ ಯಾರು ಹೊತ್ತುಕೊಂಡು ಹೋಗುತ್ತಾರೆ? ಅದು ಅವಳಿಗೂ ಗೊತ್ತಿತ್ತು. ಅಂಗಡಿ ಮುಂದೆ ಹಾಯ್ದು ಹೋಗುವಾಗ ಮುಖ ನೋಡಿದೆ. ಗೆದ್ದವಳ ಮುಖ ಅಲ್ಲ ಅದು. ಹೆಣ ನೋಡಿ ಬಂದವಳ ಮುಖ.

ಮನೆ ಹುಡುಕಿದಳು. ನಾನೂ ಎರಡು ಮೂರು ಕಡೆ ಕರೆದುಕೊಂಡು ಹೋದೆ. ಮನೆಗಳೇನೋ ಖಾಲಿ ಇರುತ್ತವೆ, ಹೆಸರು ಕೇಳುವವರೆಗೆ. ಒಬ್ಬ ಕೀಲಿಯನ್ನು ಕೈಗೆ ಕೊಟ್ಟವನು "ಊರು ಯಾವುದವ್ವ" ಅಂದ. ಈ ಸಲ ಅವಳು ಮುಚ್ಚಿಡಲಿಲ್ಲ. ಊರಿನ ಜೊತೆಗೆ ಕೇರಿಯನ್ನೂ ಹೇಳಿದಳು. ಕೀಲಿ ವಾಪಸ್ ಕೇಳಿದ. ಹೆಂಡತಿಯನ್ನು ಕೇಳಬೇಕಂತೆ. ಹಳೇ ನರ್ಸ್ ಕ್ವಾರ್ಟರ್ಸಿನ ಮಾಳಿಗೆ ಬಿದ್ದು ಬೀಗ ಹಾಕಿದ್ದಾರೆ. ಕಡೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಚಿಕ್ಕಮ್ಮನ ಮನೆ, ಆ ಮನೆಯಲ್ಲಿ ಮಲಗಲು ಬಾಗಿಲ ಸಂದಿಯಷ್ಟು ಜಾಗ. ಅಲ್ಲಿಂದ ದಿನಾ ಬಸ್ಸು.

ಬಿಚ್ಚಲು ನನ್ನನ್ನೇ ಕರೆದಳು. ಕೂಡಿಸುವುದಕ್ಕಿಂತ ಬಿಚ್ಚುವುದು ಬೇಗ ಆಗುತ್ತದೆ. ವಾಣಿಶ್ರೀ ತನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಚಂದನಾ ಕೌದಿ ಮಡಿಚಿದಳು, ಬುದ್ಧನ ಗೊಂಬೆಯನ್ನು ಅದರೊಳಗೆ ಸುತ್ತಿದಳು. ಪೆಟ್ಟಿಗೆಯ ಮೇಲೆ ಅನ್ನದಾನಮ್ಮ ಎಳೆದ ವಿಭೂತಿ ಒಣಗಿ ಹಾಗೇ ಇತ್ತು. ಒರೆಸಲು ಹೋದೆ. "ಇರ್ಲಿ ಬಿಡ್ರಿ" ಅಂದಳು.

"ಆ ಮುಚ್ಚಿದ ಬಾಗಿಲಿಗೆ ಒಂದು ಮಾತು ಬೈದು ಬರ್ಲೇನವ್ವ?" ಅಂತ ಕೇಳಿದೆ. ವಾಣಿಗೆ ಕೇಳಲಿ ಅಂತಲೇ ಜೋರಾಗಿ ಕೇಳಿದೆ.

"ಬ್ಯಾಡ್ರಿ ತಾತ. ಆಕಿ ತಪ್ಪಿಲ್ಲ ಅನ್ನಂಗಿಲ್ಲ ನಾನು. ಆದ್ರ ಆಕಿಗೂ ಮನಿ ಬೇಕಾಗಿತ್ತು."

ಚಿಕ್ಕಮ್ಮನ ಮನೆಯಲ್ಲಿ ಇದನ್ನು ಎಲ್ಲಿ ಇಡುತ್ತಾಳೆ? ನನ್ನ ಹಲಗೆಯ ಮೇಲೆ ಇಡಿಸಿದಳು. "ಮನಿ ಸಿಕ್ಕ ಮ್ಯಾಲೆ ಒಯ್ತೀನಿ ತಾತ. ಯಾರಿಗೂ ಕೊಡಬ್ಯಾಡ್ರಿ." ಇಷ್ಟೇ. ಅದಕ್ಕೇ ಮಾರುವುದಿಲ್ಲ. ಈಗಲೂ ಬಸ್ ಇಳಿದು ಆಸ್ಪತ್ರೆಗೆ ಹೋಗುವಾಗ ಒಮ್ಮೆ ತಲೆಯೆತ್ತಿ ಹಲಗೆ ನೋಡಿ ಹೋಗುತ್ತಾಳೆ. ಮೊದಮೊದಲು "ಮನಿ ಸಿಕ್ತೇನವ್ವ" ಅಂತ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ.

ಮುಗಿಯಿತು ಅಂತ ಮೊಬೈಲ್ ಎತ್ತಿಡಬೇಡ, ಇನ್ನೊಂದು ಉಳಿದಿದೆ.

ಮೇಲಿನ ಮನೆಯಲ್ಲಿ ಈಗ ವಾಣಿಶ್ರೀ ಒಬ್ಬಳೇ. ಹಾಡು ಇಲ್ಲ. ಗೋಡೆಯ ತೂತುಗಳಿಗೆ ಬಿಳಿ ಸಿಮೆಂಟು ಮೆತ್ತಿಸಿದ್ದಾರೆ. ಯಾರೋ ಕಾಂಪೌಂಡರ್ ಬಂದರೆ ಬಂದ, ಇಲ್ಲದಿದ್ದರೆ ಸೂಜಿ ಇಲ್ಲ. ಅನ್ನದಾನಮ್ಮನಿಗೆ ತಾನೇ ಚುಚ್ಚಲು ಬರುವುದಿಲ್ಲ. ಮುದುಕನ ಕಾಲಿಗೆ ಹುಣ್ಣಾಗಿದೆ, ವಾಸನೆ ಗೋಡೆ ದಾಟಿ ನನ್ನ ಅಂಗಡಿಗೆ ಬರುತ್ತದೆ. ಆದರೆ ದೀಪ ಹಚ್ಚುವ ಹೊತ್ತಾಯಿತು ಅಂದರೆ ಶುರು. ಟಕ್, ಟಕ್, ಟಕ್. ಮೊದಲು ಮೆಲ್ಲಗೆ, ಆ ಸೋಮವಾರ ಹಾಕಿದ ತಾಳದ ಹಾಗೆ. ಯಾರೂ ಬರದಿದ್ದರೆ ಜೋರಾಗಿ. ಹಾಡು ಕೇಳುತ್ತಿದ್ದಾನೋ, ಹುಡುಗಿಯನ್ನು ಕೇಳುತ್ತಿದ್ದಾನೋ. ಓಣಿಯವರು ನಿಂತು ಕೇಳತೊಡಗಿದರು. "ಅಲ್ರಿ ಅನ್ನದಾನಮ್ಮಾರ, ಸೌಂಡ್ ಹೋತಲ್ಲ, ಇನ್ನೂ ಯಾಕ ಬಡೀತಾರ?"

ಹೋದ ವಾರ ಅವಳು ಬಡಿಗೆ ಹಿಡಿದುಕೊಂಡು ಅಂಗಡಿಗೆ ಬಂದಳು. ನನ್ನ ಮುಖ ನೋಡಲಿಲ್ಲ, ಬಡಿಗೆಯ ತುದಿ ತೋರಿಸಿದಳು.

"ಇದಕ್ಕ ಒಂದು ರಬ್ಬರ್ ಹಾಕ್ಕೊಡ್ರಿ. ಸ್ಪೀಕರಿಗೆ ಹಾಕಿದ್ರೆಲ್ಲಾ, ಅಂಥಾದ್ದು. ಸಪ್ಪಳ ಆಗಬಾರ್ದು."

ಲಾರಿ ಟ್ಯೂಬಿನ ತುಂಡು ನನ್ನ ಡ್ರಾಯರಿನಲ್ಲೇ ಇತ್ತು. ಡ್ರಾಯರಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದೆ, "ರಬ್ಬರ್ ಇಲ್ಲಮ್ಮಾ."

ತಲೆಯೆತ್ತಿ ಹಲಗೆಯ ಮೇಲಿನ ಪೆಟ್ಟಿಗೆ ನೋಡಿದಳು. ವಿಭೂತಿ ಕಂಡಿರಬೇಕು. ಬಡಿಗೆಯನ್ನು ಸೆರಗಿನ ಮರೆಗೆ ಹಿಡಿದುಕೊಂಡು ಹೋದಳು.

ಅವತ್ತು ಸಂಜೆ ಟಕ್ ಟಕ್ ಇಲ್ಲ. ಮಾರನೆಯ ದಿನವೂ ಇಲ್ಲ. ಮುದುಕ ತೀರಿಹೋದನೇನೋ ಅಂದುಕೊಂಡು ಹಿತ್ತಲಿಗೆ ಹೋಗಿ ಕಿಟಕಿಯಲ್ಲಿ ಇಣುಕಿದೆ. ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಬಡಿಗೆಯ ತುದಿಗೆ ಹಳೇ ಸೀರೆ ಸುತ್ತಿ ಸುತ್ತಿ ಕಟ್ಟಿದ್ದಾಳೆ, ಮಗುವಿನ ತಲೆಯಷ್ಟು ದಪ್ಪ. ಗುರುಸಂಗಪ್ಪ ಎಡಗೈಯಲ್ಲಿ ಅದನ್ನು ಎತ್ತುತ್ತಾನೆ, ನೆಲಕ್ಕೆ ಹಾಕುತ್ತಾನೆ. ಎತ್ತುತ್ತಾನೆ, ಹಾಕುತ್ತಾನೆ. ಬಾಗಿಲ ಕಡೆ ನೋಡುತ್ತಾನೆ. ಸಪ್ಪಳ ಯಾಕೆ ಬರುತ್ತಿಲ್ಲ ಅಂತ ಅವನಿಗೆ ತಿಳಿಯುತ್ತಿಲ್ಲ.

ಈಗ ನಿನ್ನ ಜೊತೆ ಮಾತಾಡುತ್ತಿರುವಾಗಲೂ ದೀಪ ಹಚ್ಚುವ ಹೊತ್ತೇ. ಓಣಿ ನೆಮ್ಮದಿಯಾಗಿದೆ. ಹಿಂದಿನ ಗೋಡೆಗೆ ಅಂಗೈ ಇಟ್ಟುಕೊಂಡು ಕೂತಿದ್ದೇನೆ. ಕಿವಿಗಿಲ್ಲ, ಕೈಗೆ ಬರುತ್ತಿದೆ.